ತವರಿಲ್ಲದವರ ತಾಯಿಬಳ್ಳಿ

ಓದುಗರ ಪ್ರಶ್ನೆ: ನಾನು ಉಡುಪಿ ಕಡೆಯವಳು, ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿದ್ದೇನೆ. ನಾವು ಏಳೆಂಟು ಗೆಳತಿಯರು ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಈ ಸಲ ಟೋನಿ ಮಾರಿಸನ್ ಅವರ ‘ಬಿಲವೆಡ್’ ಓದಿದೆವು. ಹೆತ್ತ ತಾಯಿಯೇ ಕೂಸಿನ ಕತ್ತು ಕೊಯ್ಯುವುದನ್ನು ಒಪ್ಪಲು ನಮ್ಮಿಂದ ಆಗಲಿಲ್ಲ. ಇಬ್ಬರು ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟರು. ಆಕೆ ತಾಯಿಯೋ, ರಾಕ್ಷಸಿಯೋ? ಇನ್ನೊಂದು ವಿಷಯ. ಆಫ್ರಿಕನ್-ಅಮೆರಿಕನ್ ಲೇಖಕಿಯರ ಕಥೆಗಳಲ್ಲಿ ಎಲ್ಲಿ ನೋಡಿದರೂ ಅಜ್ಜಿ, ಅಮ್ಮ, ಮಗಳು. ಅಪ್ಪಂದಿರು ಎಲ್ಲಿ ಹೋದರು? ನಮ್ಮ ಅಳಿಯಸಂತಾನದ ಹಾಗೆ ಅವರಲ್ಲೂ ವಂಶ ತಾಯಿಯ ಕಡೆಯಿಂದ ನಡೆಯುತ್ತಿತ್ತೇ? ಮುಂದೆ ಯಾವುದನ್ನು ಓದಬಹುದು, ಅದನ್ನೂ ತಿಳಿಸಿ.

ಉತ್ತರ: ಅಳಿಯಸಂತಾನದ ಮಾತು ತೆಗೆದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಬೀಗದ ಕೈ ಅಲ್ಲೇ ಇದೆ.

ನಿಮ್ಮ ಕಡೆ ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಗುರುತು, ತಾಯಿಯಿಂದ ಬರುತ್ತದೆ. ಅದರ ಹಿಂದೆ ಮನೆ, ಗದ್ದೆ, ಕುಟುಂಬದ ಹೆಸರು ಎಲ್ಲವೂ ಇರುತ್ತಿದ್ದವು. ಅಮೆರಿಕದ ಗುಲಾಮರಿಗೂ ಒಂದು ಆಸ್ತಿ ತಾಯಿಯ ಕಡೆಯಿಂದಲೇ ಬರುತ್ತಿತ್ತು: ಗುಲಾಮಗಿರಿ. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಒಂದು ಕಾನೂನು ಮಾಡಿತು. ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಎಂಬುದನ್ನು ತಾಯಿಯ ಸ್ಥಿತಿ ನೋಡಿ ತೀರ್ಮಾನಿಸಬೇಕು ಎಂದಿತು. ಇಂಗ್ಲಿಷರ ಪದ್ಧತಿಯಲ್ಲಿ ಮಗು ಅಪ್ಪನ ಪಾಲಿಗೆ ಸೇರಬೇಕಿತ್ತು. ಎಲಿಜಬೆತ್ ಕೀ ಎಂಬಾಕೆಯ ಅಪ್ಪ ಇಂಗ್ಲಿಷಿನವನು, ಅಮ್ಮ ಆಫ್ರಿಕಾ ಮೂಲದ ಗುಲಾಮಳು. ಅಪ್ಪನ ಕಡೆಯ ಹಕ್ಕನ್ನೂ ಮುಂದಿಟ್ಟುಕೊಂಡು ಆಕೆ ಕೋರ್ಟಿಗೆ ಹೋಗಿ 1656ರಲ್ಲಿ ಬಿಡುಗಡೆ ಪಡೆದಳು. ಆರು ವರ್ಷ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿತು.

ಇದರ ಲೆಕ್ಕ ಯಾರಿಗೆ ಲಾಭ ಅಂತ ನೋಡಿ. ಯಜಮಾನ ತನ್ನ ಗುಲಾಮ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದರೆ ಹುಟ್ಟುವ ಮಗುವಿಗೆ ಅವನು ಅಪ್ಪನಲ್ಲ, ಮಾಲೀಕ. 1808ರಿಂದ ಹೊರದೇಶದಿಂದ ಗುಲಾಮರನ್ನು ತರುವುದಕ್ಕೆ ಕಾನೂನಿನ ತಡೆ ಬಿತ್ತು. ಆಮೇಲೆ ಹೊಸ ಗುಲಾಮರು ಬರುವ ಮುಖ್ಯ ದಾರಿ ಒಂದೇ, ಈ ಹೆಂಗಸರ ಹೊಟ್ಟೆ. ಹೆರುವ ಹೆಂಗಸಿಗೆ ಸಂತೆಯಲ್ಲಿ ಹೆಚ್ಚಿನ ಬೆಲೆ ಬರುತ್ತಿತ್ತು. ಹೀಗೆ ತಾಯಿಯ ಕಡೆಯಿಂದ ವಂಶ ಎಂದು ಬರೆದ ಕಾನೂನೇ, ಮಗುವನ್ನು ತಾಯಿಯ ಮಡಿಲಿಂದ ಕಿತ್ತು ಮಾರಲೂ ಬಿಟ್ಟಿತು.

ಅಪ್ಪಂದಿರು ಎಲ್ಲಿ ಎಂದರೆ, ಬಿಳಿಯ ಅಪ್ಪ ಕಾನೂನಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಪ್ಪು ಅಪ್ಪ ಇನ್ನೊಂದು ತೋಟಕ್ಕೆ ಮಾರಾಟವಾಗಿರುತ್ತಿದ್ದ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಗುಲಾಮಗಿರಿ ಮುಗಿದು ನೂರು ವರ್ಷದ ಮೇಲೆ, 1965ರಲ್ಲಿ, ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಎಂಬ ಸರಕಾರಿ ಅಧಿಕಾರಿ ಕಪ್ಪು ಕುಟುಂಬಗಳ ಬಗ್ಗೆ ವರದಿ ಬರೆದ. ಇತಿಹಾಸ ಅವನಿಗೆ ಗೊತ್ತಿತ್ತು, ವರದಿಯಲ್ಲೂ ಬರುತ್ತದೆ. ಆದರೂ ಓದಿದವರ ತಲೆಯಲ್ಲಿ ಉಳಿದದ್ದು ಬೇರೆ: ಮನೆ ನಡೆಸುವ ಹೆಂಗಸೇ ಆ ಸಮಾಜದ ರೋಗ. ನೀವು ಓದುವ ಕಾದಂಬರಿಗಳಲ್ಲಿ ಎಷ್ಟೋ ಆ ವರದಿಯ ನಂತರದ ಇಪ್ಪತ್ತು-ಇಪ್ಪತ್ತೈದು ವರ್ಷಗಳಲ್ಲಿ ಬಂದವು. ‘ಅಪ್ಪ ಎಲ್ಲಿ’ ಎಂಬ ಪ್ರಶ್ನೆ ಆ ಲೇಖಕಿಯರ ಕಿವಿಗೆ ಆಗಲೇ ಬಿದ್ದು ಬಿದ್ದು ಹಳಸಿಹೋಗಿತ್ತು. ಅದಕ್ಕೇ ಅವರು ಉತ್ತರ ಕೊಡುವ ಗೋಜಿಗೆ ಹೋಗದೆ, ಅಡುಗೆಮನೆಯಲ್ಲಿ ಉಳಿದವರ ಕಡೆ ತಿರುಗಿದರು ಅಂತ ನನಗೆ ಅನಿಸುತ್ತದೆ.

ನಮ್ಮ ಜನಪದ ಹಾಡಿನಲ್ಲಿ ಹೆಣ್ಣಿಗೆ ಕಷ್ಟ ಬಂದಾಗ ತವರು ಎಂಬುದೊಂದು ಇರುತ್ತದೆ. ಹೋಗಲು ಆಗದಿದ್ದರೂ ನೆನೆಯಲು ಆಗುತ್ತದೆ. ಈ ಕಾದಂಬರಿಗಳ ಹೆಂಗಸಿಗೆ ತವರು ಎಲ್ಲಿ ಅಂತಲೇ ಗೊತ್ತಿಲ್ಲ. ಎಷ್ಟೋ ಸಲ ಅಮ್ಮನ ಹೆಸರೂ ಗೊತ್ತಿಲ್ಲ. ಮಾರಿಸನ್ ಅವರ ‘ಸಾಂಗ್ ಆಫ್ ಸಾಲೊಮನ್’ (1977) ಕಾದಂಬರಿಯಲ್ಲಿ ಪೈಲಟ್ ಎಂಬ ಹೆಂಗಸಿಗೆ ಹೊಕ್ಕುಳೇ ಇಲ್ಲ. ಅಮ್ಮ ಸತ್ತಮೇಲೆ ತಾನಾಗಿ ಹೊಟ್ಟೆಯಿಂದ ಹೊರಬಂದವಳು. ಕರುಳಬಳ್ಳಿಯ ಗುರುತೇ ಇಲ್ಲದ ಆಕೆ ಮಗಳು, ಮೊಮ್ಮಗಳು ಸೇರಿ ಮೂರು ತಲೆಮಾರಿನ ಮನೆ ಕಟ್ಟುತ್ತಾಳೆ. ಹಿಂದಿನದು ಕಡಿದುಹೋದ ಕಡೆ ಮುಂದಿನದನ್ನು ಹೊಸದಾಗಿ ಗಂಟು ಹಾಕಿಕೊಳ್ಳುವುದು. ತಾಯಿಬಳ್ಳಿ ಎಂದರೆ ಅಲ್ಲಿ ಈ ಕೆಲಸ.

ಇದರ ಬೇರು ಕಾದಂಬರಿಗಿಂತ ಹಳೆಯದು. ಹ್ಯಾರಿಯೆಟ್ ಜೇಕಬ್ಸ್ ತನ್ನ ಬದುಕಿನ ಕಥೆಯನ್ನು 1861ರಲ್ಲಿ ಅಚ್ಚು ಹಾಕಿಸಿದಳು. ನಾರ್ತ್ ಕ್ಯಾರೊಲೈನಾದ ಈಡನ್‌ಟನ್ ಊರಿನವಳು. ಯಜಮಾನನ ಕಾಟ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಸೂರಿನ ಕೆಳಗಿನ ಅಟ್ಟದಲ್ಲಿ ಅಡಗಿ ಕುಳಿತಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಹೆಚ್ಚೆಂದರೆ ಮೂರು ಅಡಿ. ಅಲ್ಲಿ ಸುಮಾರು ಏಳು ವರ್ಷ ಕಳೆದಳು. ಗೋಡೆಯಲ್ಲಿ ಸಣ್ಣ ತೂತು ಕೊರೆದು, ಕೆಳಗೆ ಆಡುವ ತನ್ನ ಇಬ್ಬರು ಮಕ್ಕಳನ್ನು ನೋಡುತ್ತಿದ್ದಳು. ಅಮ್ಮ ತಲೆಯ ಮೇಲೇ ಇದ್ದಾಳೆ ಎಂಬುದು ಮಕ್ಕಳಿಗೆ ಹೇಳುವಂತಿಲ್ಲ. ಆ ಅಜ್ಜಿ ರಾತ್ರಿಯೆಲ್ಲ ಬಿಸ್ಕತ್ತು ಬೇಯಿಸಿ ಮಾರಿ, ತನ್ನ ಮಕ್ಕಳನ್ನು ಬಿಡಿಸಿಕೊಳ್ಳಲು 300 ಡಾಲರ್ ಕೂಡಿಟ್ಟಿದ್ದಳು. ಯಜಮಾನಿ ಅದನ್ನು ಸಾಲ ಅಂತ ತೆಗೆದುಕೊಂಡು ವಾಪಸ್ ಕೊಡಲೇ ಇಲ್ಲ. ಗುಲಾಮಳಿಗೆ ಬಾಕಿ ಕೇಳುವ ಹಕ್ಕೂ ಇರಲಿಲ್ಲ. ಬಹಳ ಕಾಲ ವಿದ್ವಾಂಸರು ಈ ಪುಸ್ತಕವನ್ನು ಬಿಳಿಯ ಹೆಂಗಸು ಬರೆದ ಕಟ್ಟುಕಥೆ ಎಂದೇ ತಿಳಿದಿದ್ದರು. ಬರೆದವಳು ಜೇಕಬ್ಸ್ ಎಂದು ದಾಖಲೆ ಹುಡುಕಿ ಸಾಬೀತು ಮಾಡಿದ್ದು 1980ರ ದಶಕದಲ್ಲಿ.

ಈಗ ನಿಮ್ಮ ಮೊದಲ ಪ್ರಶ್ನೆ. ‘ಬಿಲವೆಡ್’ (1987) ಕಥೆಯ ಬೀಜ ಒಂದು ನಿಜ ಘಟನೆ. 1856ರ ಜನವರಿಯಲ್ಲಿ ಕೆಂಟಕಿಯ ಗುಲಾಮ ಹೆಂಗಸು ಮಾರ್ಗರೆಟ್ ಗಾರ್ನರ್ ಮನೆಮಂದಿಯ ಜೊತೆ ಹೆಪ್ಪುಗಟ್ಟಿದ ಓಹಾಯೋ ನದಿಯನ್ನು ನಡೆದೇ ದಾಟಿ ಸಿನ್ಸಿನಾಟಿ ಸೇರಿದಳು. ನದಿಯ ಈಚೆ ಗುಲಾಮಗಿರಿ, ಆಚೆ ಇಲ್ಲ. ಆದರೆ 1850ರ ಕಾನೂನಿನಂತೆ ಓಡಿಹೋದವರನ್ನು ಆಚೆಯಿಂದಲೂ ಹಿಡಿದು ತರಬಹುದಿತ್ತು. ಹಿಡಿಯಲು ಬಂದವರು ಮನೆ ಸುತ್ತುವರಿದಾಗ ಮಾರ್ಗರೆಟ್ ತನ್ನ ಎರಡು ವರ್ಷದ ಮಗಳನ್ನು ಚಾಕುವಿನಿಂದ ಕೊಂದಳು. ಆಮೇಲೆ ನಡೆದ ವಾದ ಕೇಳಿದರೆ ತಲೆ ತಿರುಗುತ್ತದೆ. ಆಕೆಯ ಮೇಲೆ ಕೊಲೆ ಕೇಸು ಹಾಕಿ ಎಂದು ಪಟ್ಟು ಹಿಡಿದವರು ಆಕೆಯ ಪರವಾಗಿದ್ದವರು! ಕೊಲೆ ಎಂದರೆ ಕೊಂದವಳೂ ಸತ್ತವಳೂ ಮನುಷ್ಯರು ಎಂದು ಒಪ್ಪಿದಂತೆ. ಯಜಮಾನನದು ಒಂದೇ ಮಾತು, ಇದು ನನ್ನ ಸ್ವತ್ತು, ವಾಪಸ್ ಕೊಡಿ. ಅವನೇ ಗೆದ್ದ. ಮಾರ್ಗರೆಟ್‌ಳನ್ನು ಕೆಂಟಕಿಗೆ ಕಳಿಸಿದರು, ಅಲ್ಲಿಂದ ಇನ್ನೂ ದಕ್ಷಿಣಕ್ಕೆ. 1858ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಳು. ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದಾಗ, ಕಪ್ಪು ಜನರ ಇತಿಹಾಸದ ಒಂದು ಸಂಕಲನಕ್ಕೆ ಸಾಮಗ್ರಿ ಸೇರಿಸುವ ಕಾಲದಲ್ಲಿ, ಈ ಘಟನೆಯ ಹಳೆಯ ಪತ್ರಿಕಾ ವರದಿ ಅವರ ಕಣ್ಣಿಗೆ ಬಿತ್ತು.

ನಿಮ್ಮ ಗೆಳತಿಯರು ಪುಸ್ತಕ ಮುಚ್ಚಿದ್ದು ಕೊಲೆಯ ಜಾಗದಲ್ಲಿ ಅಂತ ಕಾಣುತ್ತದೆ. ನಾನು ಪಾಠ ಮಾಡುತ್ತಿದ್ದಾಗಲೂ ತರಗತಿ ಅಲ್ಲೇ ನಿಂತುಬಿಡುತ್ತಿತ್ತು. ನಾನು ಅವರನ್ನು ಸುಮಾರು ನೂರು ಪುಟ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕೂಸನ್ನು ಕೊಂದ ತಾಯಿ ಸೆಥ ತನ್ನ ಸ್ವಂತ ಅಮ್ಮನ ಬಗ್ಗೆ ಹೇಳುವ ಜಾಗ ಅದು. ಬಹಳ ಸಣ್ಣದು, ಓದುವ ಅವಸರದಲ್ಲಿ ಜಾರಿಹೋಗುತ್ತದೆ.

ಸೆಥ ಅಮ್ಮನನ್ನು ಹತ್ತಿರದಿಂದ ನೋಡಿದ್ದು ಕೆಲವೇ ಸಲ. ಹೊಲದಲ್ಲಿ ಬಗ್ಗಿದ ಬೆನ್ನುಗಳ ಸಾಲಿನಲ್ಲಿ ಒಂದು ಬೆನ್ನು, ಅಷ್ಟೇ. ಒಂದು ದಿನ ಅಮ್ಮ ಅವಳನ್ನು ಮರೆಗೆ ಕರೆದು, ಮೊಲೆಯ ಕೆಳಗೆ ಕಾಸಿ ಒತ್ತಿದ ಬರೆ ತೋರಿಸುತ್ತಾಳೆ. ಒಂದು ವೃತ್ತ, ಒಳಗೊಂದು ಶಿಲುಬೆ. ನನಗೇನಾದರೂ ಆದರೆ, ಮುಖ ಗುರುತು ಸಿಗದಿದ್ದರೆ, ಇದನ್ನು ನೋಡಿ ಗುರುತು ಹಿಡಿ ಎನ್ನುತ್ತಾಳೆ. ಮಗು ಸೆಥ ಕೇಳುತ್ತಾಳೆ: ಹಾಗಾದರೆ ನನಗೂ ಆ ಗುರುತು ಹಾಕು. ಅಮ್ಮ ರಪ್ಪನೆ ಕೆನ್ನೆಗೆ ಬಾರಿಸುತ್ತಾಳೆ. ಯಾಕೆ ಹೊಡೆದಳು ಎಂದು ಸೆಥಗೆ ತಿಳಿದದ್ದು ತನ್ನ ಮೈಮೇಲೇ ಗುರುತು ಬಿದ್ದ ಮೇಲೆ. ಕೊನೆಗೆ ಅಮ್ಮನನ್ನು ನೇಣಿಗೆ ಹಾಕುತ್ತಾರೆ. ಹೆಣ ಇಳಿಸಿದಾಗ ಆ ಬರೆಯೂ ಕಾಣದಷ್ಟು ಹಾಳಾಗಿತ್ತು.

ಸೆಥಗೆ ಹಾಲು ಕೊಟ್ಟು ಸಾಕಿದವಳು ನ್ಯಾನ್ ಎಂಬ ಒಂಟಿಗೈ ಹೆಂಗಸು. ಅವಳ ಹಾಲೂ ಮೊದಲು ಬಿಳಿಯ ಕೂಸುಗಳಿಗೆ, ಉಳಿದರೆ ಇವಳಿಗೆ. ನ್ಯಾನ್ ಒಂದು ವಿಷಯ ಹೇಳಿರುತ್ತಾಳೆ. ನಿನ್ನಮ್ಮನೂ ನಾನೂ ಒಂದೇ ಹಡಗಿನಲ್ಲಿ ಬಂದೆವು. ಬಲಾತ್ಕಾರದಿಂದ ಹುಟ್ಟಿದ ಮಕ್ಕಳನ್ನೆಲ್ಲ ಅವಳು ಎಸೆದಳು, ಹೆಸರನ್ನೂ ಇಡಲಿಲ್ಲ. ನಿನ್ನನ್ನು ಮಾತ್ರ ಇಟ್ಟುಕೊಂಡಳು, ತಾನಾಗಿ ಅಪ್ಪಿಕೊಂಡ ಕಪ್ಪು ಗಂಡಸಿನ ಹೆಸರು ಇಟ್ಟಳು. ನ್ಯಾನ್ ಇದನ್ನು ಹೇಳಿದ್ದು ಅಮ್ಮನ ಭಾಷೆಯಲ್ಲಿ. ದೊಡ್ಡವಳಾಗುವ ಹೊತ್ತಿಗೆ ಸೆಥಗೆ ಆ ಭಾಷೆ ಪೂರ್ತಿ ಮರೆತಿದೆ. ಮಾತು ಮರೆತಿದೆ, ಅರ್ಥ ಮಾತ್ರ ಉಳಿದಿದೆ!

ಈಗ ಕೊಲೆಯ ಪುಟಕ್ಕೆ ಬನ್ನಿ. ಯಾವ ಮಗುವನ್ನು ಉಳಿಸುವುದು, ಯಾವುದನ್ನು ಈ ವ್ಯವಸ್ಥೆಯ ಕೈಗೆ ಸಿಗದ ಹಾಗೆ ಮಾಡುವುದು ಎಂಬ ಭಯಂಕರ ತೀರ್ಮಾನ ಸೆಥಗೆ ಅಮ್ಮನಿಂದ ಬಂದಿದೆ. ಮನೆಯಿಲ್ಲ, ಒಡವೆಯಿಲ್ಲ, ಭಾಷೆಯಿಲ್ಲ. ಬಂದಿರುವುದು ಇದೊಂದು ತಿಳಿವಳಿಕೆ. ತಾಯಿ ಮಗಳಿಗೆ ಏನು ಕೊಡುತ್ತಾಳೆ ಎಂಬ ಪ್ರಶ್ನೆಯನ್ನು ಇಷ್ಟು ಕರಾಳವಾಗಿ ಕೇಳಿದ ಕಾದಂಬರಿ ನಾನು ಇನ್ನೊಂದು ಓದಿಲ್ಲ.

ಹಾಲಿನ ಮಾತನ್ನೂ ಗಮನಿಸಿ. ಸೆಥ ಬಸುರಿ. ಅವಳನ್ನು ಹಿಡಿದು ಯಜಮಾನನ ಕಡೆಯ ಹುಡುಗರು ಎದೆಹಾಲು ಹೀರುತ್ತಾರೆ, ಆಮೇಲೆ ಚರ್ಮ ಸುಲಿಯುವ ಹಾಗೆ ಹೊಡೆಯುತ್ತಾರೆ. ಎಷ್ಟೋ ವರ್ಷದ ಮೇಲೆ ಇದನ್ನು ಕೇಳಿದ ಪಾಲ್ ಡಿ, ಅದೇ ತೋಟದಲ್ಲಿ ಜೊತೆಗೆ ಗುಲಾಮನಾಗಿದ್ದವನು, ಹೊಡೆತದ ಬಗ್ಗೆಯೇ ಗಾಬರಿಯಾಗಿ ಕೇಳುತ್ತಾನೆ. ಬಸುರಿಯನ್ನು ಹೊಡೆದರೇ? ಅವಳು ಮತ್ತೆ ಮತ್ತೆ ಹಾಲಿನ ಮಾತಿಗೇ ಬರುತ್ತಾಳೆ. ಬೆನ್ನಿನದು ಅವಳ ನೋವು, ಹಾಲು ಮಗುವಿನ ಪಾಲು.

ತಾಯಿಯೋ ರಾಕ್ಷಸಿಯೋ ಎಂದರೆ, ಪುಸ್ತಕದ ಒಳಗೇ ಒಬ್ಬಳು ಈ ಪ್ರಶ್ನೆ ಎದುರಿಸುತ್ತಾಳೆ: ಅತ್ತೆ ಬೇಬಿ ಸಗ್ಸ್. ಎಂಟು ಮಕ್ಕಳನ್ನು ಹೆತ್ತವಳು. ಮೊದಲ ಮಗುವಿನದಾಗಿ ಅವಳಿಗೆ ಉಳಿದ ನೆನಪು ಒಂದೇ, ರೊಟ್ಟಿಯ ತಳದ ಸೀದ ಭಾಗ ಅದಕ್ಕೆ ಇಷ್ಟವಾಗುತ್ತಿತ್ತು ಎಂಬುದು. ಸೊಸೆ ಮಾಡಿದ್ದನ್ನು ಅವಳು ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಾರದೆ ಹೋದಳು. ಹಾಸಿಗೆ ಹಿಡಿದಳು. ಬಣ್ಣಗಳ ಬಗ್ಗೆ ಯೋಚಿಸುತ್ತ, ನೀಲಿ, ಹಳದಿ ಅನ್ನುತ್ತ ದಿನ ಕಳೆದಳು. ನಿಮ್ಮ ಗುಂಪು ಇದಕ್ಕಿಂತ ಬೇಗ ತೀರ್ಪಿಗೆ ಬರಬೇಕು ಎಂದು ನನಗೆ ಅನಿಸುವುದಿಲ್ಲ.

ಮಾರಿಸನ್ ಈ ಗಂಟನ್ನು ಮೊದಲೇ ಮುಟ್ಟಿದ್ದರು. ‘ಸೂಲಾ’ (1973) ಕಾದಂಬರಿಯಲ್ಲಿ ಈವಾ ಪೀಸ್ ಎಂಬ ಅಜ್ಜಿ ಬರುತ್ತಾಳೆ. ಗಂಡ ಬಿಟ್ಟುಹೋದಾಗ ಮೂರು ಮಕ್ಕಳ ಜೊತೆ ಅವಳ ಹತ್ತಿರ ಇದ್ದದ್ದು ಒಂದು ಡಾಲರ್ 65 ಸೆಂಟ್, ಐದು ಮೊಟ್ಟೆ, ಮೂರು ಬೀಟ್‌ರೂಟ್. ಮಕ್ಕಳನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟು ನಾಳೆ ಬರುತ್ತೇನೆ ಅಂತ ಹೋದವಳು ಹದಿನೆಂಟು ತಿಂಗಳ ಮೇಲೆ ಬಂದಳು. ಕೈಯಲ್ಲಿ ದುಡ್ಡಿತ್ತು, ಒಂದು ಕಾಲು ಇರಲಿಲ್ಲ. ಬಹಳ ವರ್ಷದ ನಂತರ ಮಗಳು ಹ್ಯಾನಾ ಹುರುಳಿಕಾಯಿ ಮುರಿಯುತ್ತ ಕೇಳುತ್ತಾಳೆ: ಅಮ್ಮಾ, ನೀನು ನಮ್ಮನ್ನು ಯಾವತ್ತಾದರೂ ಪ್ರೀತಿಸಿದ್ದೀಯಾ? ಅಂದರೆ ಆಟ ಆಡಿಸುವುದು, ಮುದ್ದು ಮಾಡುವುದು ಇತ್ಯಾದಿ. ಈವಾಗೆ ಸಿಟ್ಟು ನೆತ್ತಿಗೇರುತ್ತದೆ. 1895ರಲ್ಲಿ ಆಟ ಯಾರಿಗೆ ಬೇಕಿತ್ತು? ನಿಮಗೋಸ್ಕರ ಸಾಯದೆ ಉಳಿದೆನಲ್ಲ, ಅದು ಏನು ಹಾಗಾದರೆ?

ಈ ಈವಾಳೇ ಯುದ್ಧದಿಂದ ಮಾದಕ ವ್ಯಸನ ಹತ್ತಿಸಿಕೊಂಡು ಬಂದ ಮಗನಿಗೆ ಸೀಮೆಎಣ್ಣೆ ಸುರಿದು ಬೆಂಕಿ ಇಡುತ್ತಾಳೆ. ಇದೇ ಈವಾ, ಹ್ಯಾನಾಳ ಬಟ್ಟೆಗೆ ಬೆಂಕಿ ಹತ್ತಿದಾಗ ಒಂಟಿ ಕಾಲಿನಲ್ಲಿ ಮಹಡಿಯ ಕಿಟಕಿಯಿಂದ ಹಾರುತ್ತಾಳೆ, ಮಗಳ ಮೇಲೆ ಬಿದ್ದು ಉರಿ ಆರಿಸಲು. ಆಗುವುದಿಲ್ಲ. ಒಬ್ಬಳೇ ಹೆಂಗಸು, ಎರಡೂ ಕೆಲಸ. ಮೊಮ್ಮಗಳು ಸೂಲಾ ಇದನ್ನೆಲ್ಲ ನೋಡಿ ಬೆಳೆದವಳು, ಮಕ್ಕಳೇ ಬೇಡ, ನಾನು ನನ್ನನ್ನೇ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಬಳ್ಳಿ ಬೆಳೆಯಲೇಬೇಕು ಎಂಬ ಕಡ್ಡಾಯ ಈ ಲೇಖಕಿಯರಲ್ಲಿ ಇಲ್ಲ ನೋಡಿ.

ಆ ಕಡ್ಡಾಯದ ವಿರುದ್ಧವೇ ಬರೆದ ಕಾದಂಬರಿ ಗೇಲ್ ಜೋನ್ಸ್ ಅವರ ‘ಕೊರಿಜಿಡೊರ’ (1975). ಸಂಪಾದಿಸಿದ್ದು ಮಾರಿಸನ್. ಬ್ರೆಜಿಲ್‌ನ ಪೋರ್ಚುಗೀಸ್ ಗುಲಾಮ ಒಡೆಯನೊಬ್ಬ ಗುಲಾಮಳಲ್ಲಿ ಮಗಳನ್ನು ಹುಟ್ಟಿಸಿ, ಆ ಮಗಳಲ್ಲೂ ಮಗಳನ್ನು ಹುಟ್ಟಿಸಿದ. ದಾಖಲೆಗಳನ್ನು ಸುಟ್ಟುಹಾಕಿದ್ದಾರೆ. ಹಾಗಾಗಿ ಮುತ್ತಜ್ಜಿ, ಅಜ್ಜಿ, ಅಮ್ಮ ಮೂವರೂ ಒಂದೇ ಪಾಠ ಹೇಳಿಕೊಡುತ್ತಾರೆ: ಹೆಣ್ಣು ಹೆರು, ಅವಳಿಗೆ ಈ ಕಥೆ ಹೇಳು, ಮಗಳೇ ಸಾಕ್ಷಿ. ನಾಲ್ಕನೆಯವಳು ಅರ್ಸಾ, ಕೆಂಟಕಿಯ ಬ್ಲೂಸ್ ಗಾಯಕಿ. ಗಂಡನ ಜಗಳದಲ್ಲಿ ಮೆಟ್ಟಿಲಿನಿಂದ ಬಿದ್ದು ಗರ್ಭಕೋಶ ಕಳೆದುಕೊಳ್ಳುತ್ತಾಳೆ. ಸಾಕ್ಷಿ ಹುಟ್ಟಿಸಲಾರದವಳು ಈಗ ಯಾರು? ಅವಳು ಹಾಡುತ್ತಾಳೆ. ಆ ಒಡೆಯ ಹೆರಲು ಬಲವಂತ ಮಾಡಿದ, ಅಜ್ಜಿಯರೂ ಹೆರಲೇ ಹೇಳುತ್ತಾರೆ. ಎರಡಕ್ಕೂ ಅಂತರ ಎಷ್ಟು ಎಂಬ ಅನುಮಾನ ಪುಸ್ತಕದ ತುಂಬ ಇದೆ. ಭಾಷೆ ಒರಟು, ಹಿಂಸೆ ಜಾಸ್ತಿ. ನಿಮ್ಮ ಗುಂಪಿಗೆ ಸದ್ಯಕ್ಕೆ ಇದು ಬೇಡ.

ಸದ್ಯಕ್ಕೆ ಬೇಕಾದದ್ದು ಆಲಿಸ್ ವಾಕರ್ ಅವರ ಸಣ್ಣಕಥೆ ‘ಎವ್ರಿಡೇ ಯೂಸ್’ (1973). ಹತ್ತು-ಹನ್ನೆರಡು ಪುಟ, ಒಂದೇ ಕೂತಲ್ಲಿ ಮುಗಿಯುತ್ತದೆ. ಹಳ್ಳಿಯ ತಾಯಿ ಕಥೆ ಹೇಳುತ್ತಾಳೆ. ಓದಿ ಪಟ್ಟಣ ಸೇರಿದ ಮಗಳು ಡೀ ಮನೆಗೆ ಬರುತ್ತಾಳೆ. ಹೆಸರು ಬದಲಿಸಿಕೊಂಡು ‘ವಾಂಗೆರೊ’ ಆಗಿದ್ದಾಳೆ. ನಮ್ಮನ್ನು ತುಳಿದವರು ಕೊಟ್ಟ ಹೆಸರು ನನಗೆ ಬೇಡ ಎನ್ನುತ್ತಾಳೆ. ತಾಯಿಗೆ ಗೊಂದಲ. ಡೀ ಎಂಬುದು ಚಿಕ್ಕಮ್ಮನ ಹೆಸರು, ಅದಕ್ಕೆ ಮುಂಚೆ ಅಜ್ಜಿಯ ಹೆಸರು, ಅದರ ಹಿಂದೆ ಇನ್ನೂ ಹೋಗುತ್ತದೆ. ಆಫ್ರಿಕಾದ ಬೇರು ಬೇಕು ಅಂತ ಹೆಸರು ಬಿಟ್ಟವಳು, ಮನೆಯಲ್ಲೇ ಇದ್ದ ಬೇರನ್ನು ಕಿತ್ತಿದ್ದಾಳೆ. ಆಮೇಲೆ ಅಜ್ಜಿ ಹೊಲಿದ ಹಳೆಯ ಕೌದಿಗಳು ಬೇಕು ಎನ್ನುತ್ತಾಳೆ, ಗೋಡೆಗೆ ತೂಗುಹಾಕಲು. ಅಜ್ಜಿಯ ಲಂಗದ ತುಂಡು, ತಾತನ ಅಂಗಿಯ ತುಂಡು, ಅಂತರ್ಯುದ್ಧದಲ್ಲಿ ಮುತ್ತಾತ ತೊಟ್ಟ ಸಮವಸ್ತ್ರದ ಬೆಂಕಿಪೊಟ್ಟಣದಷ್ಟು ಚೂರು, ಎಲ್ಲ ಅದರಲ್ಲಿ ಇವೆ. ಕಾಲೇಜಿಗೆ ಹೋಗುವಾಗ ತಾಯಿ ಕೊಡಲು ಹೋದಾಗ ಹಳೇಕಾಲದ್ದು ಅಂತ ಬೇಡ ಎಂದವಳು ಇವಳೇ. ಮನೆಯಲ್ಲೇ ಉಳಿದ, ಮೈ ಸುಟ್ಟ ಕಲೆಯ ತಂಗಿ ಮ್ಯಾಗಿ, ತೆಗೆದುಕೊಂಡು ಹೋಗಲಿ ಬಿಡು, ಕೌದಿ ಇಲ್ಲದೆಯೂ ನನಗೆ ಅಜ್ಜಿ ನೆನಪಿದ್ದಾಳೆ ಎನ್ನುತ್ತಾಳೆ. ತಾಯಿ ಕೌದಿಗಳನ್ನು ಕಸಿದು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ. ಅವಳಿಗೆ ಹೊಲಿಗೆ ಬರುತ್ತದೆ, ಹರಿದರೆ ಇನ್ನೊಂದು ಹೊಲಿಯುತ್ತಾಳೆ. ಈ ಕಥೆ ಓದಿದಾಗಲೆಲ್ಲ ನನಗೆ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹಳೇಬಟ್ಟೆಯಲ್ಲಿ ಹೊಲಿಯುವ ಕೌದಿ ಕಣ್ಣ ಮುಂದೆ ಬರುತ್ತದೆ. ಅವರ ಹಿರಿಯರೂ ಆಫ್ರಿಕಾದಿಂದಲೇ ಬಂದವರು, ಬೇರೆ ಸಮುದ್ರ ದಾಟಿ.

ವಾಕರ್ ತಾವೇ ಒಂದು ವಂಶ ಕಟ್ಟಿಕೊಂಡರು ಎಂಬುದನ್ನೂ ಹೇಳಬೇಕು. ಜೋರಾ ನೀಲ್ ಹರ್ಸ್ಟನ್ ಎಂಬ ದೊಡ್ಡ ಲೇಖಕಿ 1960ರಲ್ಲಿ ಬಡತನದಲ್ಲಿ ಸತ್ತರು. ಸಮಾಧಿಗೆ ಕಲ್ಲೂ ಇರಲಿಲ್ಲ. 1973ರಲ್ಲಿ ವಾಕರ್ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ಗೆ ಹೋಗಿ, ಸೊಂಟದೆತ್ತರದ ಕಳೆಯಲ್ಲಿ ಆ ಜಾಗ ಹುಡುಕಿ ಕಲ್ಲು ನಿಲ್ಲಿಸಿದರು. ಊರಿನವರು ಬಾಯಿಬಿಡಲಿ ಅಂತ, ನಾನು ಹರ್ಸ್ಟನ್ ಅವರ ಸೋದರಿಯ ಕಡೆಯ ಮಗಳೋ ಏನೋ ಎಂಬಂತೆ ಸಂಬಂಧ ಹೇಳಿಕೊಂಡು ಓಡಾಡಿದರು. ಸುಳ್ಳು! ಆದರೆ ಆ ಸುಳ್ಳು ಹೇಳುವುದು ತಮಗೆ ಸಹಜವೇ ಅನಿಸಿತು ಎಂಬ ಧಾಟಿಯಲ್ಲಿ ಆಮೇಲೆ ಬರೆದರು. ಕಲ್ಲಿನ ಮೇಲೆ ಕೆತ್ತಿಸಿದ ಹುಟ್ಟಿದ ವರ್ಷ 1901. ನಿಜವಾಗಿ 1891. ಹರ್ಸ್ಟನ್ ವಯಸ್ಸು ಮುಚ್ಚಿಡುತ್ತಿದ್ದರು, ಹೊಸ ಮಗಳು ಅದನ್ನೇ ನಂಬಿದಳು.

ಆ ಹರ್ಸ್ಟನ್ ಅವರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ (1937) ನಿಮ್ಮ ಎರಡನೆಯ ಪುಸ್ತಕವಾಗಲಿ. ಗುಲಾಮಳಾಗಿ ಹುಟ್ಟಿದ ಅಜ್ಜಿ ಮೊಮ್ಮಗಳು ಜೇನಿಯನ್ನು ಅರವತ್ತು ಎಕರೆ ಜಮೀನಿನ ಮುದುಕನಿಗೆ ಕೊಟ್ಟು ಮದುವೆ ಮಾಡುತ್ತಾಳೆ. ಮೊಮ್ಮಗಳು ನೆರಳಲ್ಲಿ ಕೂರಲಿ ಎಂಬುದು ಅವಳ ಆಸೆ. ಜೇನಿಗೆ ಬೇಕಾದದ್ದು ಬೇರೆ. ಅಜ್ಜಿಯ ಪ್ರೀತಿ ತನ್ನ ಕತ್ತಿಗೆ ಉರುಲಾಯಿತು ಎಂದು ಆಮೇಲೆ ದ್ವೇಷಿಸುವಷ್ಟು ದೂರ ಹೋಗುತ್ತಾಳೆ. ಅಜ್ಜಿ ತಪ್ಪೇ? ಗುಂಪಿನಲ್ಲಿ ಜಗಳ ಗ್ಯಾರಂಟಿ. ಜಾನಪದ ಮಾತಿನ ಇಂಗ್ಲಿಷ್ ಮೊದಮೊದಲು ಕಷ್ಟ, ಜೋರಾಗಿ ಓದಿದರೆ ಸಲೀಸು. ಬೇಗ ಬೇಗ ಓಡುವ ಕಥೆ ಬೇಕೆನ್ನುವವರಿಗೆ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಇದೆ. 1976ರ ಹೆಣ್ಣೊಬ್ಬಳು ಕಾಲದಲ್ಲಿ ಹಿಂದಕ್ಕೆ ಹೋಗಿ ಗುಲಾಮಗಿರಿಯ ಮೇರಿಲ್ಯಾಂಡ್‌ನಲ್ಲಿ ಬೀಳುತ್ತಾಳೆ. ತಾನು ಹುಟ್ಟಬೇಕಾದರೆ ತನ್ನ ಮುತ್ತಜ್ಜಿಯರಲ್ಲಿ ಒಬ್ಬಳು ಹುಟ್ಟಬೇಕು. ಅದಕ್ಕೆ ಒಬ್ಬ ಬಿಳಿಯ ಒಡೆಯ ಸಾಯದೆ ಉಳಿಯಬೇಕು.

ಅರ್ಧಕ್ಕೆ ಬಿಟ್ಟ ಆ ಇಬ್ಬರಿಗೆ ಒಂದು ಕೆಲಸ ಮಾಡಿ. ‘ಬಿಲವೆಡ್’ ಕೊನೆಯ ಹತ್ತಿರ, ಉಳಿದ ಮಗಳು ಡೆನ್ವರ್ ಹಸಿವು ತಡೆಯಲಾರದೆ ಎಷ್ಟೋ ವರ್ಷದ ಮೇಲೆ ಒಬ್ಬಳೇ ಅಂಗಳ ದಾಟಿ ಹೋಗುವ ಭಾಗವಿದೆ. ಅದನ್ನಷ್ಟೇ ಓದಿಸಿ. ಊರಿನ ಹೆಂಗಸರು ಆ ಮನೆಯನ್ನು ಹದಿನೆಂಟು ವರ್ಷ ದೂರ ಇಟ್ಟಿದ್ದರು. ಈಗ ಮುಖ ತೋರಿಸದೆ, ಅಂಗಳದ ಅಂಚಿನಲ್ಲಿ ಊಟ ಇಟ್ಟು ಹೋಗುತ್ತಾರೆ. ಪಾತ್ರೆ ಯಾರದ್ದೆಂದು ತಿಳಿಯಲು ಹೆಸರು ಬರೆದ ಚೀಟಿ ಇರುತ್ತದೆ. ಬರೆಯಲು ಬಾರದವರು ಏನೋ ಒಂದು ಗುರುತು ಹಾಕಿರುತ್ತಾರೆ. ಡೆನ್ವರ್ ಪಾತ್ರೆ ವಾಪಸ್ ಕೊಡಲು ಒಂದೊಂದೇ ಬಾಗಿಲಿಗೆ ಹೋಗುತ್ತಾಳೆ. ಆಗ ಒಬ್ಬೊಬ್ಬಳೂ ಬಾಗಿಲಲ್ಲೇ ನಿಂತು, ನಿನ್ನಜ್ಜಿ ಇದ್ದಾಗ ಆ ಮನೆ ಹೇಗಿತ್ತು ಗೊತ್ತಾ ಅಂತ ಶುರುಮಾಡುತ್ತಾಳೆ.